ಕಾವ್ಯದ ದುಂಬಿ, ಕಾಡಿನ ದುಂಬಿ

ಕನ್ನಡ ಕಾವ್ಯದ ಕೀಟಗಳಲ್ಲಿ ನಮಗೆಲ್ಲ ಮೊದಲು ನೆನಪಾಗುವುದು ಪಂಪನ ಮರಿದುಂಬಿ. ಹತ್ತನೆಯ ಶತಮಾನದ ನಡುವಿನಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಆ ಮಹಾಕವಿ, ಮತ್ತೆ ಹುಟ್ಟುವುದಾದರೆ ಬನವಾಸಿಯ ನಂದನವನದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಹಂಬಲಿಸಿದ. ಆ ಹಂಬಲವನ್ನು ನಾವು ನಾಡಿನ ಪ್ರೀತಿಯ ಮಾತೆಂದು ಓದುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ಆ ವನದಲ್ಲಿ ದುಂಬಿಗೆ ಇರುವ ಕೆಲಸವೇನು? ಕೋಗಿಲೆ ಹಾಡಬೇಕು, ದುಂಬಿ ಝೇಂಕರಿಸಬೇಕು. ಅಷ್ಟರಲ್ಲಿ ಅವುಗಳ ಕರ್ತವ್ಯ ಮುಗಿಯಿತು. ಪಂಪನ ನಂತರವೂ ಬಹುಕಾಲ ಕನ್ನಡದ ಕಾಡಿನಲ್ಲಿ ಕೀಟಕ್ಕೆ ಇದಕ್ಕಿಂತ ಹೆಚ್ಚಿನ ಉದ್ಯೋಗ ದೊರೆತದ್ದು ಅಪರೂಪ. ಅದು ಉಪಮಾನವಾಗಿ ಬಂದಿತು, ಕೆಲವೊಮ್ಮೆ ಉಪದ್ರವವಾಗಿ ಬಂದಿತು. ಪಾತ್ರವಾಗಿ ಬರಲು ನಾವು ಇಪ್ಪತ್ತನೆಯ ಶತಮಾನದ ಗದ್ಯದವರೆಗೆ ಕಾಯಬೇಕಾಯಿತು. ಇದರಿಂದ ನಮ್ಮ ಸಾಹಿತ್ಯದ ಕಾಡಿಗೆ ಏನಾಯಿತು, ನಮ್ಮ ವಿಮರ್ಶೆಯ ಕಣ್ಣಿಗೆ ಏನಾಯಿತು ಎಂಬುದು ಇಲ್ಲಿ ವಿಚಾರಿಸಬೇಕಾದ ವಿಷಯ.

ಮೊದಲು ದುಂಬಿಯನ್ನೇ ತೆಗೆದುಕೊಳ್ಳೋಣ. ಕವಿಗಳ ಭ್ರಮರ ಸಾಮಾನ್ಯವಾಗಿ ಜೇನುನೊಣವಲ್ಲ. ಕಪ್ಪು ಮೈ, ದಪ್ಪ ಗಾತ್ರ, ತಗ್ಗಿದ ಗಂಭೀರ ಧ್ವನಿ, ಈ ಲಕ್ಷಣಗಳೆಲ್ಲ ಹೊಂದುವುದು ಹಳೆಯ ಮನೆಗಳ ಜಂತೆ ತೊಲೆಗಳಲ್ಲಿ ದುಂಡಗೆ ತೂತು ಕೊರೆಯುವ ಕರಿದುಂಬಿಗೆ. ಹಳಬರು ಇದನ್ನು ನೋಡಿಯೂ ಇದ್ದರು. ಮರವನ್ನೇ ಭೇದಿಸಬಲ್ಲ ದುಂಬಿ ಸಂಜೆ ಮುಚ್ಚಿಕೊಂಡ ತಾವರೆಯೊಳಗೆ ಪ್ರೇಮಕ್ಕೆ ಕಟ್ಟುಬಿದ್ದು ಸುಮ್ಮನಿರುತ್ತದೆ ಎಂಬರ್ಥದ ಸಂಸ್ಕೃತ ಸುಭಾಷಿತವೊಂದು ಪ್ರಸಿದ್ಧವಾಗಿದೆ. ನೋಡಿದ್ದು ನಿಜ, ಆದರೆ ನೋಡಿದ ಮರುಕ್ಷಣವೇ ದುಂಬಿ ಪ್ರೇಮಿಯಾಯಿತು, ಮರ ಮರೆತುಹೋಯಿತು. ಆ ತೂತಿನೊಳಗೆ ನಡೆಯುವ ಸಂಸಾರ ಕಾವ್ಯಕ್ಕೆ ಬೇಡವಾಯಿತು. ಕೊರೆಯುವುದು ಹೆಣ್ಣುದುಂಬಿ. ಒಣಮರದೊಳಗೆ ಸುರಂಗ ತೆಗೆದು, ಪರಾಗವನ್ನೂ ಮಕರಂದವನ್ನೂ ಕಲಸಿ ಉಂಡೆ ಕಟ್ಟಿ, ಒಂದೊಂದು ಉಂಡೆಗೆ ಒಂದೊಂದು ಮೊಟ್ಟೆಯಿಟ್ಟು, ಮರದ ಹೊಟ್ಟಿನಿಂದಲೇ ಅಡ್ಡಗೋಡೆ ಎಬ್ಬಿಸಿ ಕೋಣೆ ಮಾಡುತ್ತದೆ. ನಮ್ಮ ಕಾವ್ಯದ ದುಂಬಿಯಾದರೋ ಹೂವಿಂದ ಹೂವಿಗೆ ಅಲೆಯುವ ವಿಟಪುರುಷ!

ಝೇಂಕಾರದ ವಿಷಯವೂ ಹೀಗೆಯೇ. ಬದನೆಯ ಜಾತಿಯ ಹೂಗಳಲ್ಲಿ, ಮಲೆನಾಡಿನ ಕಾಡಂಚಿನಲ್ಲಿ ನೇರಿಳೆ ಬಣ್ಣದಿಂದ ಅರಳುವ ನೆಕ್ಕರಿಕೆಯ ಹೂವಿನಲ್ಲಿ, ಪರಾಗ ಹೊರಗೆ ಚೆಲ್ಲಿಕೊಂಡಿರುವುದಿಲ್ಲ. ಕೊಳವೆಯಂತಹ ಕೇಸರದ ತುದಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ, ಅಷ್ಟೆ. ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು, ರೆಕ್ಕೆಯನ್ನು ಬೀಸದೆ, ಎದೆಯ ಸ್ನಾಯುಗಳನ್ನು ಮಾತ್ರ ಅದುರಿಸುತ್ತದೆ. ಆ ಅದುರಿಗೆ ಪರಾಗ, ಮೆಣಸಿನಪುಡಿಯ ಡಬ್ಬಿಯನ್ನು ಕುಲುಕಿದಂತೆ, ಉದುರುತ್ತದೆ. ನಮ್ಮ ಜೇನುನೊಣಗಳಿಗೆ ಈ ವಿದ್ಯೆ ಬಾರದು. ಅಂದಮೇಲೆ ಝೇಂಕಾರವೆಂಬುದು ಹೂವಿನ ಮುಂದೆ ಹಾಡಿದ ಹಾಡಲ್ಲ. ಹೂವಿನ ಬೀಗ ತೆಗೆಯುವ ಕೀಲಿಕೈ. ಸಾವಿರ ವರ್ಷ ಈ ಸದ್ದನ್ನು ಕಿವಿಯಲ್ಲಿಟ್ಟುಕೊಂಡ ಕಾವ್ಯ ಅದರ ಅರ್ಥವನ್ನು ಕೇಳಲಿಲ್ಲ. ಕವಿಗಳಿಗೆ ಸಸ್ಯಶಾಸ್ತ್ರ ತಿಳಿದಿರಲಿಲ್ಲವೆಂದು ದೂರುವುದು ಬಾಲಿಶ. ಆದರೆ ಹೀಗೆ ಕೇಳಬೇಕೆಂಬ ಕುತೂಹಲವನ್ನು ನಮ್ಮ ವರ್ಣನೆಯ ಪದ್ಧತಿ ಪ್ರೋತ್ಸಾಹಿಸಲಿಲ್ಲ ಎಂಬುದನ್ನಂತೂ ಒಪ್ಪಿಕೊಳ್ಳಬೇಕು.

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಪರ್ವತಕ್ಕೆ ಸ್ಥಾನವುಂಟು, ಉದ್ಯಾನಕ್ಕೆ ಸ್ಥಾನವುಂಟು. ಅಡವಿಗೆ ಸ್ವತಂತ್ರವಾದ ಸ್ಥಾನವಿಲ್ಲ. ಆದ್ದರಿಂದ ಕಾಡನ್ನು ವರ್ಣಿಸುವ ಸಂದರ್ಭ ಬಂದಾಗ ಕವಿ ಅನೇಕ ವೇಳೆ ಉದ್ಯಾನದ ಸಾಮಗ್ರಿಯನ್ನೇ ಹೊತ್ತು ತರುತ್ತಾನೆ. ಸಂಪಿಗೆ, ಸುರಹೊನ್ನೆ, ಪಾದರಿ, ಮಾವು, ತಮಾಲ ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಒಂದೇ ಮಣ್ಣಿನಲ್ಲಿ, ಒಂದೇ ಮಳೆಯಲ್ಲಿ ಅವು ಕೂಡಿ ಬೆಳೆದಾವೇ ಎಂಬ ಪ್ರಶ್ನೆ ಏಳುವುದಿಲ್ಲ. ಛಂದಸ್ಸು ಅವನ್ನು ಕೂಡಿಸಿದೆ. ಇದು ಪಟ್ಟಿ, ಸಮಾಜವಲ್ಲ. ಹತ್ತು ಜನರ ಹೆಸರು ಬರೆದ ಹಾಜರಿ ಪುಸ್ತಕಕ್ಕೂ ಹತ್ತು ಜನ ಕೂಡಿ ಬಾಳುವ ಮನೆಗೂ ಇರುವ ವ್ಯತ್ಯಾಸವೇ ಇದು. ಮನೆಯಲ್ಲಿ ಯಾರು ಯಾರಿಗೆ ಉಣಿಸುತ್ತಾರೆ, ಯಾರು ಯಾರ ಕಣ್ಣು ತಪ್ಪಿಸಿ ಏನು ಬಚ್ಚಿಡುತ್ತಾರೆ, ಯಾರು ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ ಎಂಬುದು ತಿಳಿದಾಗಲೇ ಕಥೆ ಹುಟ್ಟುವುದು.

ಪಂಡಿತರ ಕಾವ್ಯವನ್ನು ಬಿಟ್ಟು ಜನರ ಮಾತಿಗೆ ಬಂದರೂ ಪರಿಸ್ಥಿತಿ ಬಹಳ ಬೇರೆಯಿಲ್ಲ. ಅತ್ತಿಯ ಹಣ್ಣು ನೋಡಲು ಕೆಂಪು, ಬಿಚ್ಚಿದರೆ ಹುಳು ಎಂಬ ಗಾದೆ ಎಲ್ಲರಿಗೂ ಗೊತ್ತು. ಹೊರಗೆ ಥಳುಕು, ಒಳಗೆ ಕೊಳಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಭಾಷೆಗೆ ಸಿಕ್ಕಿಲ್ಲ. ಅತ್ತಿಯ ಬಗ್ಗೆ ಇನ್ನೊಂದು ನಂಬಿಕೆಯೂ ಇದೆ: ಅತ್ತಿಯ ಹೂವನ್ನು ಕಂಡವರಿಲ್ಲ. ಕಾಣದ ವಸ್ತುವಿಗೆ, ಅತಿ ದುರ್ಲಭವಾದುದಕ್ಕೆ, ಅತ್ತಿಯ ಹೂವನ್ನು ಹೋಲಿಸುವುದು ಸಂಸ್ಕೃತದಲ್ಲೂ ಉಂಟು. ಈ ಎರಡು ಮಾತುಗಳನ್ನೂ ನಾವು ಬೇರೆ ಬೇರೆ ಸಂದರ್ಭಗಳಲ್ಲಿ ಬಳಸುತ್ತೇವೆ. ಎರಡನ್ನೂ ಒಟ್ಟಿಗೆ ಇಟ್ಟಿದ್ದರೆ ಕಾಡಿನ ಒಂದು ಮಹಾರಹಸ್ಯ ನಮ್ಮ ಕೈಗೆ ಸಿಕ್ಕಿಬಿಡುತ್ತಿತ್ತು. ಅತ್ತಿಯ ಹೂ ಕಾಣದಿರುವುದು ಅದು ಕಾಯೊಳಗೇ ಇರುವುದರಿಂದ. ನಾವು ಕಾಯೆಂದು ಕರೆಯುವುದು ನೂರಾರು ಸಣ್ಣ ಹೂಗಳನ್ನು ಒಳಮುಖವಾಗಿ ತುಂಬಿಕೊಂಡ ಒಂದು ಚೀಲ. ಅದನ್ನು ಕಂಡವರಿಲ್ಲವೆಂಬುದೂ ಪೂರ್ತಿ ನಿಜವಲ್ಲ. ಆ ‘ಹುಳು’ ಕಂಡಿದೆ.

ಹುಳುವೆಂದರೆ ಒಂದು ಬಗೆಯ ಕಣಜ, ಎಳ್ಳುಕಾಳಿಗಿಂತ ಸಣ್ಣದು. ಕಾಯಿಯ ತುದಿಯಲ್ಲಿ ಪದರ ಪದರವಾಗಿ ಮುಚ್ಚಿದ ಒಂದು ಕಿರುಬಾಗಿಲಿದೆ. ಹೆಣ್ಣುಕಣಜ ಅದರೊಳಗೆ ತಲೆ ತೂರಿಸಿ ನುಗ್ಗುವಾಗ ರೆಕ್ಕೆಗಳು ಹರಿದುಹೋಗುತ್ತವೆ. ಮತ್ತೆ ಹೊರಗೆ ಬರುವ ಮಾತಿಲ್ಲ. ತನ್ನ ಎದೆಯ ಚೀಲಗಳಲ್ಲಿ ತುಂಬಿ ತಂದ ಪರಾಗವನ್ನು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆಯಿಡುತ್ತದೆ, ಅಲ್ಲಿಯೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಗೆ ಅನ್ನವಾಗುತ್ತದೆ. ಮೊಟ್ಟೆ ಬೀಳದ ಹೂ ಬೀಜವಾಗುತ್ತದೆ. ವಾರಗಳ ನಂತರ ಮೊದಲು ಎದ್ದುಬರುವುದು ಗಂಡುಗಳು. ಅವಕ್ಕೆ ರೆಕ್ಕೆಯೇ ಇಲ್ಲ. ಇನ್ನೂ ಗೂಡಿನೊಳಗಿರುವ ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯಲ್ಲಿ ಹೊರದಾರಿ ಕೊರೆದು, ಅವು ಸಾಯುತ್ತವೆ. ಆ ದಾರಿಯಿಂದ ಹೆಣ್ಣುಗಳು ಹೊಸ ಪರಾಗವನ್ನು ಹೊತ್ತು ಹೊರಗೆ ಹಾರಿ, ಒಂದೆರಡು ದಿನದ ಆಯುಸ್ಸಿನಲ್ಲಿ, ತಕ್ಕ ಸಮಯಕ್ಕೆ ಕಾಯಿ ಬಿಟ್ಟ ಇನ್ನೊಂದು ಅತ್ತಿಯ ಮರವನ್ನು ಹುಡುಕಬೇಕು. ಬಹುಮಟ್ಟಿಗೆ ಅತ್ತಿಗೆ ಒಂದು ಕಣಜ, ಆಲಕ್ಕೆ ಇನ್ನೊಂದು, ಅರಳಿಗೆ ಮತ್ತೊಂದು. ಒಂದರ ಕೆಲಸ ಇನ್ನೊಂದಕ್ಕೆ ಬಾರದು. ಒಂದೊಂದು ಮರ ಒಂದೊಂದು ಕಾಲದಲ್ಲಿ ಕಾಯಿ ಬಿಡುವುದೂ ಈ ಲೆಕ್ಕಾಚಾರದ ಭಾಗವೇ. ಹಾಗಿರುವುದರಿಂದಲೇ ಬೇರೆ ಹಣ್ಣುಗಳಿಲ್ಲದ ತಿಂಗಳುಗಳಲ್ಲೂ ಕಾಡಿನಲ್ಲಿ ಎಲ್ಲಿಯಾದರೊಂದು ಕಡೆ ಅತ್ತಿಯೋ ಆಲವೋ ಬಸರಿಯೋ ಹಣ್ಣಾಗಿರುತ್ತದೆ; ಮಂಗಟ್ಟೆ, ಬಾವಲಿ, ಮಂಗ, ಅಳಿಲು ಎಲ್ಲವೂ ಅಲ್ಲಿ ಪಂಕ್ತಿಗೆ ಕೂರುತ್ತವೆ.

ಆದರೆ ಈ ಕಥೆ ಇಲ್ಲಿಗೆ ನಿಂತರೆ ಅದೊಂದು ನೀತಿಕಥೆಯಾಗಿಬಿಡುತ್ತಿತ್ತು. ಕಾಡು ನೀತಿಕಥೆಯಲ್ಲ. ಅತ್ತಿಗೆ ಕಳ್ಳ ಕಣಜಗಳೂ ಉಂಟು. ಅವು ಪರಾಗ ತರುವುದಿಲ್ಲ, ಒಳಗೆ ನುಗ್ಗುವ ಕಷ್ಟವನ್ನೂ ಪಡುವುದಿಲ್ಲ. ಹೊರಗೆ ಕುಳಿತು, ಕೂದಲಿಗಿಂತ ತೆಳುವಾದ ಸೂಜಿಯನ್ನು ಕಾಯಿಯ ಗೋಡೆಯಲ್ಲಿ ಇಳಿಸಿ ಮೊಟ್ಟೆ ಸೇರಿಸಿಬಿಡುತ್ತವೆ. ಆ ಸೂಜಿಯ ತುದಿಯಲ್ಲಿ ಸತುವಿನ ಅಂಶವಿದ್ದು ಅದು ಗಟ್ಟಿಯಾಗಿರುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ರೆನೀ ಬೋರ್ಜಸ್ ಅವರೂ ಅವರ ಶಿಷ್ಯರೂ ಅತ್ತಿ ಮತ್ತು ಕಣಜಗಳ ಈ ವ್ಯವಹಾರವನ್ನು ವರ್ಷಾನುವರ್ಷ ಪರಿಶೀಲಿಸಿದ್ದಾರೆ. ಹೊರಗೆ ಕುಳಿತ ಕಳ್ಳರನ್ನು ಹಿಡಿಯಲು ಇರುವೆಗಳು ಓಡಾಡುತ್ತಿರುತ್ತವೆ. ಇರುವೆಗಳು ಮರದ ಮೇಲಿನ ಪ್ರೀತಿಯಿಂದ ಬಂದವಲ್ಲ, ತಮ್ಮ ಹೊಟ್ಟೆಪಾಡಿಗೆ ಬಂದವು, ಮರಕ್ಕೆ ಲಾಭವಾಯಿತು. ಗಾದೆಯಲ್ಲಿ ‘ಹುಳು’ ಎಂಬ ಒಂದೇ ಶಬ್ದಕ್ಕೆ ಇಳಿದುಹೋದದ್ದು ಇಷ್ಟು ದೊಡ್ಡ ಸಂಸಾರ.

ವೇದಾಂತಿಗಳ ಕೀಟಭ್ರಮರ ನ್ಯಾಯವನ್ನು ಕುರಿತು ಎರಡು ಮಾತು. ಕಣಜ ತನ್ನ ಮಣ್ಣಿನ ಗೂಡಿನಲ್ಲಿ ಒಂದು ಹುಳುವನ್ನು ತಂದಿಡುತ್ತದೆ. ಹುಳು ಕಣಜವನ್ನೇ ಧ್ಯಾನಿಸುತ್ತ ಕೊನೆಗೆ ಕಣಜವೇ ಆಗಿ ಹೊರಬರುತ್ತದೆ. ಜೀವ ಶಿವನಾಗುವುದೂ ಹೀಗೆ. ವಚನಕಾರರಿಗೂ ಈ ದೃಷ್ಟಾಂತ ಪರಿಚಿತ. ಗೂಡಿನೊಳಗೆ ನಿಜವಾಗಿ ನಡೆಯುವುದು ಬೇರೆ. ಕಣಜ ಚುಚ್ಚಿ ಮರಗಟ್ಟಿಸಿದ ಹುಳುವಿನ ಜೊತೆಗೆ ತನ್ನ ಮೊಟ್ಟೆಯನ್ನು ಇಟ್ಟಿರುತ್ತದೆ. ಮರಿ ಆ ಹುಳುವನ್ನು ಜೀವಂತವಾಗಿ ತಿಂದು ಬೆಳೆಯುತ್ತದೆ. ಫ್ರಾನ್ಸಿನ ಫಾಬ್ರ್ ಇಂಥ ಕಣಜಗಳನ್ನು ಬಿಸಿಲಿನಲ್ಲಿ ಕುಳಿತು ನೋಡಿ ಬರೆದ ಸಂಪುಟಗಳು ೧೮೭೯ರಿಂದ ಹೊರಬಂದವು. ಅವನ್ನು ಫ್ರೆಂಚರು ಸಾಹಿತ್ಯವೆಂದೇ ಓದುತ್ತಾರೆ. ದೃಷ್ಟಾಂತ ತಪ್ಪಾದ ಮಾತ್ರಕ್ಕೆ ವೇದಾಂತ ಬೀಳುವುದಿಲ್ಲ, ಆ ಗೊಡವೆ ನನಗೆ ಬೇಡ. ಅಕ್ಕಮಹಾದೇವಿಯ ತೆರಣಿಯ ಹುಳುವಿನ ವಿಷಯವೇ ಬೇರೆ. ತನ್ನ ನೂಲಿನಿಂದಲೇ ತನಗೆ ಮನೆ ಕಟ್ಟಿಕೊಂಡು ಅದರಲ್ಲೇ ಸುತ್ತಿಕೊಂಡು ಸಾಯುವ ಆ ಹುಳುವನ್ನು ಆಕೆ ಕಣ್ಣಾರೆ ಕಂಡಿದ್ದಾಳೆಂಬುದು ಶಬ್ದಶಬ್ದದಲ್ಲಿ ತಿಳಿಯುತ್ತದೆ. ಉಪಮಾನವೇ ಆದರೂ ಅದು ನೋಡಿದವರ ಉಪಮಾನ.

ಸಸ್ಯ ಕೀಟಗಳ ಈ ಸಂಬಂಧವನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಈಚಿನ ವರ್ಷಗಳಲ್ಲಿ ‘ಪರಿಸರ ಸಾಹಿತ್ಯ’ ಎಂಬ ಹೆಸರಿನಲ್ಲಿ ಬರುತ್ತಿರುವ ಬರವಣಿಗೆಯಲ್ಲಿ ಹಳೆಯ ವರ್ಣನೆ ಹೋಗಿ ಹೊಸ ವರ್ಣನೆಯೊಂದು ಬಂದು ಕುಳಿತಿದೆ. ಅದರ ಪ್ರಕಾರ ಕಾಡೆಂದರೆ ಪ್ರೀತಿ, ಸಾಮರಸ್ಯ, ಕೊಡುಕೊಳೆ, ಮನುಷ್ಯನೊಬ್ಬನೇ ಸ್ವಾರ್ಥಿ. ಇದೂ ನೋಡದವರ ಮಾತು. ಕೊಡಗು ಮತ್ತು ದಕ್ಷಿಣ ಕನ್ನಡದ ಮಳೆಕಾಡುಗಳಲ್ಲಿ ಹಂಬೋಲ್ಟಿಯ ಎಂಬ ಸಣ್ಣ ಮರವೊಂದಿದೆ. ಪಶ್ಚಿಮ ಘಟ್ಟದ ಹೊರಗೆ ಅದರ ಈ ಜಾತಿ ಕಾಣಸಿಗದು. ಅದರ ಕೆಲವು ಗಿಡಗಳ ಕೊಂಬೆಗಳು ಗೆಣ್ಣುಗೆಣ್ಣಿಗೆ ಉಬ್ಬಿ ಒಳಗೆ ಪೊಳ್ಳಾಗಿರುತ್ತವೆ, ಪ್ರತಿ ಉಬ್ಬಿಗೂ ಒಂದು ಬಾಗಿಲು. ಎಲೆಗಳಲ್ಲಿ ಸಿಹಿರಸ ಒಸರುತ್ತದೆ. ಇರುವೆಗೆ ಮನೆ ಕೊಟ್ಟು ಊಟ ಕೊಟ್ಟು ಕಾವಲಿಗೆ ಇಟ್ಟುಕೊಂಡಿದೆ ಎಂದು ನಾವು ಹೇಳಿಬಿಡಬಹುದು. ಆದರೆ ಬಾಡಿಗೆದಾರರಲ್ಲಿ ಕಾವಲು ಕಾಯುವ ಇರುವೆಗಳು ಕೆಲವೇ. ಹಲವು ಇರುವೆಗಳು ಉಂಡು ಮಲಗುವವು. ಅವುಗಳ ನಡುವೆ ಒಂದು ಜಾತಿಯ ಎರೆಹುಳು ಕೂಡ ಮರದ ಮೇಲಿನ ಆ ಕೋಣೆಗಳಲ್ಲಿ ವಾಸಿಸುತ್ತದೆ. ಕೆಲಸ ಮಾಡದವರಿಂದಲೂ ಮರಕ್ಕೆ ಏನೂ ದಕ್ಕುವುದಿಲ್ಲವೆಂದಲ್ಲ. ಕೋಣೆಯಲ್ಲಿ ಉಳಿದ ಕಸಕಲ್ಮಷದಿಂದ ಮರ ಸಾರಜನಕವನ್ನು ಹೀರಿಕೊಳ್ಳುತ್ತದೆ. ವಠಾರದ ಯಜಮಾನನೊಬ್ಬನ ಕಥೆಯಂತಿಲ್ಲವೇ ಇದು? ಹಿತಾಸಕ್ತಿ, ಮೋಸ, ಆಕಸ್ಮಿಕ ಲಾಭ, ಯಾರಿಗೂ ಪೂರ್ತಿ ತಿಳಿಯದ ಒಪ್ಪಂದ, ಇವೆಲ್ಲ ಭಾವಗೀತೆಯ ವಸ್ತುವಲ್ಲ, ಕಾದಂಬರಿಯ ವಸ್ತು. ಕಾಡಿನ ಸಸ್ಯಕೀಟಗಳ ಬದುಕು ವರ್ಣನೆಗೆ ಒದಗುವುದಕ್ಕಿಂತ ಕಥಾನಕಕ್ಕೆ ಹೆಚ್ಚು ಒದಗುತ್ತದೆ. ಕನ್ನಡದಲ್ಲಿ ಅದು ಗದ್ಯಕ್ಕೇ ಒಲಿದದ್ದು ಆಶ್ಚರ್ಯವಲ್ಲ.

ಕನ್ನಡ ಕಾದಂಬರಿಗೆ ಕಾಡನ್ನು ತಂದವರಲ್ಲಿ ಕುವೆಂಪು ಅವರೂ ಕಾರಂತರೂ ಮೊದಲಿಗರು. ‘ಬೆಟ್ಟದ ಜೀವ’ದ (೧೯೪೩) ಕಾಡು ಗೋಪಾಲಯ್ಯನ ಎದುರಾಳಿ, ಕಡಿದು ತೋಟ ಮಾಡಬೇಕಾದ, ಆದರೂ ಗೌರವಿಸಬೇಕಾದ ಎದುರಾಳಿ. ಅಲ್ಲಿ ಆನೆ ಹುಲಿಗಳಿಗೆ ಇರುವ ಗಾತ್ರ ಹುಳುವಿಗೆ ಇರಲಾರದು. ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯ ಬಾಗಿಲಲ್ಲೇ ಮುಖ್ಯ ಅಮುಖ್ಯ ಎಂಬ ಭೇದವನ್ನು ಅಳಿಸುವ ಪ್ರತಿಜ್ಞೆಯಿದೆ; ನಾಯಿಯೊಂದು ಆ ಬೃಹತ್ಕೃತಿಯಲ್ಲಿ ಮನುಷ್ಯಪಾತ್ರಗಳ ಸಮಕ್ಕೆ ನಿಲ್ಲುವಂತಾದದ್ದು ಆ ಪ್ರತಿಜ್ಞೆಯ ಫಲ. ಆದರೂ ಕುವೆಂಪು ಅವರ ಕಾಡು ಮುಖ್ಯವಾಗಿ ಕತ್ತಲೆ, ಮಳೆ, ಹಸುರು, ಸದ್ದು. ಅಲ್ಲಿನ ಜೀರುಂಡೆಯನ್ನು ನಾವು ಕೇಳುತ್ತೇವೆ, ಕಾಣುವುದು ಕಡಮೆ. ದೊಡ್ಡ ಕೃತಿಗೆ ಇದು ಕೊರತೆಯೆಂದು ನಾನು ಹೇಳುತ್ತಿಲ್ಲ. ಪ್ರತಿಜ್ಞೆ ಎಷ್ಟು ದೂರ ನಡೆಯಿತೆಂಬ ಅಳತೆಯನ್ನು ಮಾತ್ರ ಹೇಳುತ್ತಿದ್ದೇನೆ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ (೧೯೭೬) ಬಂದಾಗ ಗಿಡಕ್ಕೆ ಕನ್ನಡದಲ್ಲಿ ಒಂದು ಹೊಸ ಘನತೆ ಬಂದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳ ತಂಡವನ್ನು ಕಟ್ಟಿಕೊಂಡು ಘಟ್ಟ ಹತ್ತುತ್ತಾರೆ. ತುಂಟಾಟ, ಪೇಚು, ಪಾಂಡಿತ್ಯ ಎಲ್ಲ ಒಂದೇ ಹದದಲ್ಲಿ ಬೆರೆಯುತ್ತವೆ. ಗಿಡ ಇಲ್ಲಿ ವರ್ಣನೆಯ ಸರಕಲ್ಲ. ಅದಕ್ಕೆ ಹೆಸರುಂಟು, ಕುಲವುಂಟು, ಚರಿತ್ರೆಯುಂಟು, ತಂಟೆಯೂ ಉಂಟು. ಕೇಂದ್ರ ಸಾಹಿತ್ಯ ಅಕಾಡೆಮಿ ೧೯೭೮ರಲ್ಲಿ ಅದಕ್ಕೆ ಪ್ರಶಸ್ತಿ ಕೊಟ್ಟು, ಇದು ಸಾಹಿತ್ಯವೇ ಎಂಬ ಗೊಣಗಾಟಕ್ಕೆ ಉತ್ತರ ಹೇಳಿತು. ಆದರೆ ಅದರ ನಾಯಕರು ಸಸ್ಯಗಳೇ. ಕೀಟಗಳದು ಪೋಷಕ ಪಾತ್ರ. ಕೀಟದ ಸರದಿ ಬಂದದ್ದು ನಾಲ್ಕು ವರ್ಷದ ಮೇಲೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಹಾರುವ ಓತಿಯ ಕಾದಂಬರಿಯೆಂದು ಪ್ರಸಿದ್ಧವಾಗಿದೆ. ವಿಮರ್ಶಕರು ಅದರಲ್ಲಿ ವಿಕಾಸವಾದವನ್ನು ಕಂಡರು, ಕಾಲದ ಅನಂತತೆಯನ್ನು ಕಂಡರು, ಓತಿ ಕೈಗೆ ಸಿಗದೆ ಕಣಿವೆಯ ಕಡೆ ತೇಲಿಹೋಗುವ ಕೊನೆಯ ಪುಟಗಳಲ್ಲಿ ತತ್ತ್ವವನ್ನು ಕಂಡರು. ಇದ್ದದ್ದನ್ನೇ ಕಂಡರು, ತಪ್ಪೇನಿಲ್ಲ. ಆದರೆ ಕಾದಂಬರಿ ಪ್ರಾರ್ಥನೆಯಂತೆ ಆರಂಭವಾಗುವುದು ಓತಿಯಿಂದಲ್ಲ, ಜೇನಿನಿಂದ. ಮೂಡಿಗೆರೆಯ ಜೇನು ಸೊಸೈಟಿಗೆ ಜೇನುತುಪ್ಪಕ್ಕೆಂದು ಹೋದ ನಿರೂಪಕ ಅಲ್ಲಿ ಮಂದಣ್ಣನನ್ನು ಕಾಣುತ್ತಾನೆ. ಊರವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಅವನಿಗಿರುವ ಹಂಬಲವೂ ಸಣ್ಣದು: ಜೇನಿನ ಇಲಾಖೆಯಲ್ಲಿ ಒಂದು ಕೆಳಗಿನ ನೌಕರಿ ಸಿಕ್ಕರೆ ಮದುವೆಯಾದೀತು. ವಿಜ್ಞಾನಿ ಕರ್ವಾಲೊ ಒಬ್ಬನೇ ಅವನಲ್ಲಿ ಹುಟ್ಟುವಿಜ್ಞಾನಿಯನ್ನು ಗುರುತಿಸುತ್ತಾನೆ.

ಇಲ್ಲಿ ಜೇನು ಮಾಡುವ ಕೆಲಸವನ್ನು ನೋಡಬೇಕು. ಕಾಡಿನ ಹೂ, ಸರ್ಕಾರದ ಸೊಸೈಟಿ, ನೌಕರಿಯ ಅರ್ಜಿ, ಒಂದು ಮದುವೆ, ಒಬ್ಬ ವಿಜ್ಞಾನಿಯ ಕುತೂಹಲ, ಒಬ್ಬ ಕೃಷಿಕನ ತಾಪತ್ರಯ, ಇಷ್ಟನ್ನೂ ಒಂದೇ ದಾರದಲ್ಲಿ ಪೋಣಿಸುವುದು ಆ ನೊಣವೇ. ಅದು ಯಾವುದರ ಸಂಕೇತವೂ ಅಲ್ಲ. ಪ್ರೇಮಿಯೂ ಅಲ್ಲ, ಜೀವಾತ್ಮನೂ ಅಲ್ಲ. ತನ್ನ ಪಾಡಿಗೆ ತಾನು ದುಡಿಯುತ್ತ, ಅದರ ದೆಸೆಯಿಂದ ಮನುಷ್ಯರು ಒಬ್ಬರಿಗೊಬ್ಬರು ಎದುರಾಗುವಂತೆ ಮಾಡುತ್ತದೆ. ಮಂದಣ್ಣನ ಜ್ಞಾನವೂ ಇದೇ ಬಗೆಯದು. ಅವನಿಗೆ ಗೊತ್ತಿರುವುದು ಹೆಸರುಗಳ ಪಟ್ಟಿಯಲ್ಲ. ಯಾವುದು ಎಲ್ಲಿಗೆ ಯಾವಾಗ ಬರುತ್ತದೆ, ಬಂದು ಏನು ಮಾಡುತ್ತದೆ ಎಂಬುದು. ಪಂಪನಿಂದ ಬಂದ ದುಂಬಿಗೆ ಮೊದಲ ಬಾರಿಗೆ ಕೈತುಂಬ ಕೆಲಸ ಸಿಕ್ಕಿದೆ. ‘ಕರ್ವಾಲೊ’ದ ಕಲೆಗಾರಿಕೆ ಅದರ ಹಾಸ್ಯದಲ್ಲಿದೆ, ಭಾಷೆಯಲ್ಲಿದೆ ಎನ್ನುವವರು ಈ ಅಡಿಪಾಯವನ್ನು ಗಮನಿಸಬೇಕೆಂದು ನನ್ನ ವಿನಂತಿ. ಎಂಗ್ಟ, ಕರಿಯಪ್ಪ, ಪ್ರಭಾಕರ, ಕಿವಿ ಎಲ್ಲರೂ ಯಾವುದೋ ಸಣ್ಣ ಸ್ವಾರ್ಥಕ್ಕೆ, ಯಾವುದೋ ಆಕಸ್ಮಿಕಕ್ಕೆ ಸಿಕ್ಕಿ ಒಂದು ತಂಡವಾಗುವುದು, ಮೇಲೆ ಹೇಳಿದ ಅತ್ತಿಯ ಮರದ ಸಂಸಾರಕ್ಕೆ ತೀರ ಹತ್ತಿರವಾದ ರೀತಿ.

ಕಾದಂಬರಿಯ ಉತ್ತರಾರ್ಧದ ಬಗ್ಗೆ ನನಗೆ ಒಂದು ಅಸಮಾಧಾನವಿದೆ. ಓತಿಯ ಬೇಟೆ ಶುರುವಾದ ಮೇಲೆ ಜೇನು ಹಿಂದೆ ಸರಿಯುತ್ತದೆ, ಅದ್ಭುತ ಮುಂದೆ ಬರುತ್ತದೆ. ಯುಗಗಳಾಚೆಯಿಂದ ಉಳಿದುಬಂದ ಅಪೂರ್ವ ಜೀವಿಯೆಂಬ ಪ್ರಭಾವಳಿ ಓತಿಯ ಸುತ್ತ ಕಟ್ಟಿಕೊಳ್ಳುತ್ತದೆ. ಸಹ್ಯಾದ್ರಿಯ ನಿಜವಾದ ಹಾರುವ ಓತಿಗೆ ಈ ಪ್ರಭಾವಳಿ ಬೇಕಿಲ್ಲ. ಅದು ಅಡಕೆ ತೋಟಗಳಲ್ಲೂ ಕಾಣಸಿಗುವ ಪ್ರಾಣಿ. ಮರದ ಕಾಂಡಕ್ಕೆ ಅಂಟಿಕೊಂಡು, ಸಾಲು ಹಿಡಿದು ಹತ್ತುವ ಇರುವೆಗಳನ್ನು ಒಂದೊಂದಾಗಿ ನೆಕ್ಕುತ್ತ ಬದುಕುವಂಥದು. ಅದರ ಹೊಟ್ಟೆಪಾಡು ಬಹುಮಟ್ಟಿಗೆ ಇರುವೆಗಳೇ. ಮರವಿದ್ದರೆ ಇರುವೆ, ಇರುವೆಯಿದ್ದರೆ ಓತಿ. ಓತಿಯ ಬೆನ್ನು ಹತ್ತಿದ ತಂಡ ಒಂದು ಕ್ಷಣ ಆ ಇರುವೆಯ ಸಾಲಿನ ಮುಂದೆ ನಿಂತಿದ್ದರೆ ಮೊದಲ ಅಧ್ಯಾಯಗಳ ಜೇನು ಕೊನೆಯವರೆಗೂ ಬೇರೆ ರೂಪದಲ್ಲಿ ಬಂದಂತಾಗುತ್ತಿತ್ತು. ತೇಜಸ್ವಿ ಅನಂತವನ್ನು ಆರಿಸಿಕೊಂಡರು. ಅದು ಅವರ ಹಕ್ಕು. ಓದುಗರು ಆ ಅನಂತಕ್ಕೆ ಮಾರುಹೋಗಿ ಮೊದಲ ಭಾಗವನ್ನು ಪೀಠಿಕೆಯೆಂದು ಭಾವಿಸಿದ್ದು ಮಾತ್ರ ನಷ್ಟ.

ಆ ಭಾಗವನ್ನು ಇಂದು ಓದಿದರೆ ಬೇರೊಂದು ಭಾರವೂ ಅದಕ್ಕೆ ಕೂಡಿಕೊಂಡಿದೆ. ೧೯೯೧ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿ, ಗೂಡಿನ ಮರಿಗಳು ಚೀಲದಂತೆ ನೀರು ತುಂಬಿ ಸತ್ತು, ಪೆಟ್ಟಿಗೆಯ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಮಲೆನಾಡಿನ ಜೇನುಗಾರಿಕೆ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಮಂದಣ್ಣನ ನೌಕರಿಯ ಕನಸು ಹನ್ನೊಂದು ವರ್ಷಗಳ ನಂತರ ಬೇರೆಯದೇ ಕಥೆಯಾಗುತ್ತಿತ್ತು.

ಇದೆಲ್ಲ ಸಾಹಿತ್ಯದ ಒಳಗಿನ ಜಗಳ, ಕಾಡಿಗೇನು ಎಂದು ಕೇಳಬಹುದು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ವರದಿಗಳಲ್ಲಿ ‘ಅರಣ್ಯ ಹೊದಿಕೆ’ ಎಂಬುದಕ್ಕೆ ಒಂದು ವ್ಯಾಖ್ಯೆಯಿದೆ. ಕನಿಷ್ಠ ಒಂದು ಹೆಕ್ಟೇರ್ ನೆಲದಲ್ಲಿ ಮರಗಳ ನೆರಳು ನೂರಕ್ಕೆ ಹತ್ತು ಪಾಲಿಗೆ ಕಡಮೆಯಿಲ್ಲದಿದ್ದರೆ ಅದು ಲೆಕ್ಕಕ್ಕೆ ಸೇರುತ್ತದೆ. ಮರ ಯಾವುದು, ನೆಲ ಯಾರದು ಎಂಬ ಪ್ರಶ್ನೆಯಿಲ್ಲ. ಆಕಾಶದಿಂದ ನೋಡುವ ಉಪಗ್ರಹಕ್ಕೆ ಸಹ್ಯಾದ್ರಿಯ ಕಾಡೂ ಅಕೇಶಿಯಾ ನೆಡುತೋಪೂ ಹಸುರು. ನಮ್ಮ ವನವರ್ಣನೆಯ ಕಣ್ಣಿಗೂ ಈ ಕಣ್ಣಿಗೂ ನನಗೆ ಬಹಳ ಅಂತರ ಕಾಣದು. ಮೇಲಿನ ಹಸುರು ಸಾಕು, ಕೆಳಗಿನ ಸಂಸಾರ ಬೇಡ. ನೀಲಗಿರಿಯ ಹೂವಿಗೆ ಜೇನು ಬರುವುದಿಲ್ಲವೆಂದು ಯಾರೂ ಹೇಳುವಂತಿಲ್ಲ, ಬರುತ್ತದೆ. ಆದರೆ ಒಂದೇ ವಯಸ್ಸಿನ ಒಂದೇ ಮರದ ಸಾಲಿನಲ್ಲಿ, ಹೂ ಮುಗಿದ ಮೇಲೆ ಅದು ಎಲ್ಲಿಗೆ ಹೋಗಬೇಕು? ದುಂಬಿ ಕೊರೆಯಲು ಒಣಗಿದ ಮರವೆಲ್ಲಿ? ೧೯೮೭ರ ನವೆಂಬರಿನಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ, ಊರ ಸಾಮಾನ್ಯ ಭೂಮಿಯಲ್ಲಿ ಕಾಗದದ ತಿರುಳಿಗೆಂದು ಹಾಕಿದ್ದ ನೀಲಗಿರಿ ಸಸಿಗಳನ್ನು ಜನ ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂಬ ಹೆಸರಿನ ಆ ಸತ್ಯಾಗ್ರಹ ಹೊದಿಕೆಗೂ ಕಾಡಿಗೂ ಇರುವ ವ್ಯತ್ಯಾಸವನ್ನು ಎರಡೇ ಶಬ್ದಗಳಲ್ಲಿ ಹೇಳಿತು. ಅದೂ ಕನ್ನಡವೇ.

ನಮ್ಮ ಕೆಲಸ ಸದ್ಯಕ್ಕೆ ಇನ್ನೂ ಚಿಕ್ಕದು. ಹಳಗನ್ನಡ ಕಾವ್ಯಗಳ ಸಂಪಾದಿತ ಆವೃತ್ತಿಗಳ ಕೊನೆಯಲ್ಲಿರುವ ಶಬ್ದಕೋಶವನ್ನು ತೆರೆದರೆ ಗಿಡದ ಹೆಸರಿನ ಮುಂದೆ ಅನೇಕ ಕಡೆ ‘ಒಂದು ಬಗೆಯ ಮರ’ ಎಂದೂ ಹುಳುವಿನ ಮುಂದೆ ‘ಒಂದು ಜಾತಿಯ ಕೀಟ’ ಎಂದೂ ಇರುತ್ತದೆ. ಎಂ.ಎ. ತರಗತಿಯಲ್ಲಿ ನಾವೂ ಅದನ್ನೇ ಓದಿ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಶಿರಸಿ, ಸಿದ್ದಾಪುರ, ಕೊಪ್ಪ, ಮಡಿಕೇರಿಯಿಂದ ಬಂದ ಹುಡುಗ ಹುಡುಗಿಯರು ಆ ತರಗತಿಯಲ್ಲೇ ಕುಳಿತಿರುತ್ತಾರೆ. ತುಡುವೆಗೂ ಕೋಲುಜೇನಿಗೂ ವ್ಯತ್ಯಾಸ ಬಲ್ಲವರು, ಚಗಳಿಯ ಚಟ್ನಿ ಉಂಡವರು, ಮೊದಲ ಮಳೆಗೆ ಹುತ್ತದ ಮೇಲೆ ಏಳುವ ಅಣಬೆಯನ್ನು ಕಿತ್ತು ತಂದವರು ಅವರಲ್ಲಿದ್ದಾರೆ. ಪಂಪನ ಬನವಾಸಿ ಶಿರಸಿ ತಾಲ್ಲೂಕಿನಲ್ಲಿಯೇ ಇದೆ. ಆ ಪದ್ಯಕ್ಕೆ ಮುಂದಿನ ಬಾರಿ ಟಿಪ್ಪಣಿ ಬರೆಯುವವರು ‘ದುಂಬಿ’ ಎಂಬ ಶಬ್ದದ ಎದುರು ಇವರಲ್ಲಿ ಯಾರನ್ನಾದರೂ ಒಂದು ಮಾತು ಕೇಳಿ ಎರಡು ಸಾಲು ಹೆಚ್ಚಿಗೆ ಬರೆದರೆ ಪುಟವೇನೂ ಭಾರವಾಗದು.